ಸುಬ್ರತೋ ಕಪ್, ಮಳೆಗಾಲ ಮತ್ತು ಪಿ.ಟಿ. ಮೇಷ್ಟ್ರ ಕಡತ

ಜೂನ್‌ನಲ್ಲಿ ಶಾಲೆ ತೆರೆದ ವಾರ ನಮ್ಮ ಪಿ.ಟಿ. ಮೇಷ್ಟ್ರು ಚೆಂಡಿಗೆ ಗಾಳಿ ತುಂಬುವ ಮೊದಲೇ ಆಫೀಸಿನಿಂದ ದಾಖಲಾತಿ ರಿಜಿಸ್ಟರ್ ತರಿಸುತ್ತಿದ್ದರು. ಸುಬ್ರತೋ ಕಪ್‌ನ ಅರ್ಧ ಆಟ ಅದರಲ್ಲೇ ಇದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಏರ್ ಮಾರ್ಷಲ್ ಸುಬ್ರತೋ ಮುಖರ್ಜಿ 1960ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ತೀರಿಕೊಂಡರು. ಶಾಲಾ ಮಕ್ಕಳಿಗೊಂದು ಫುಟ್‌ಬಾಲ್ ಟೂರ್ನಿ ಬೇಕೆಂಬುದು ಅವರದೇ ಆಲೋಚನೆ. ಅದೇ ವರ್ಷ ಶುರುವಾದ ಟೂರ್ನಿಗೆ ಅವರ ಹೆಸರೇ ನಿಂತಿತು. ಇಂದಿಗೂ ನಡೆಸುವುದು ವಾಯುಪಡೆ. ಹುಡುಗಿಯರ ವಿಭಾಗ ಸೇರಿದ್ದು 2012ರಲ್ಲಿ. ಕಿರಿಯ ಹುಡುಗರ ಪಂದ್ಯಗಳು ಈಚಿನ ವರ್ಷಗಳಲ್ಲಿ ಬೆಂಗಳೂರಿಗೇ ಬಂದಿವೆ.

ಬೇರೆ ಶಾಲಾ ಕ್ರೀಡೆಗಳಲ್ಲಿ ರಾಜ್ಯದ ತಂಡವನ್ನು ಹಲವು ಶಾಲೆಗಳಿಂದ ಆರಿಸುತ್ತಾರೆ. ಇಲ್ಲಿ ಗೆದ್ದ ಶಾಲೆಯೇ ಮುಂದಕ್ಕೆ ಹೋಗುತ್ತದೆ, ಹೊರಗಿನ ಒಬ್ಬನನ್ನೂ ಸೇರಿಸುವಂತಿಲ್ಲ. ಗೋಲ್‌ಕೀಪರ್‌ಗೆ ಜ್ವರ ಬಂದರೆ ಬದಲಿ ಕೀಪರ್ ನಿಮ್ಮ ಶಾಲೆಯಲ್ಲೇ ಸಿಗಬೇಕು. ಸಣ್ಣ ಶಾಲೆಗಳು ಸೋಲುವುದು ಬಹುಪಾಲು ಇಲ್ಲೇ.

ಆಡುವವರಿಗೆ ವಯಸ್ಸಿನ ಮಿತಿಯಿದೆ, ಅದನ್ನು ತೋರಿಸುವ ಕಾಗದದಲ್ಲಿ ಕೆಡುವುದು ಸಣ್ಣಪುಟ್ಟ ವಿಷಯಗಳು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಜನನ ಪ್ರಮಾಣಪತ್ರದಲ್ಲಿ ಮುಂದೆ. ರಿಜಿಸ್ಟರಿನ ತಾರೀಖಿಗೂ ಪ್ರಮಾಣಪತ್ರದ ತಾರೀಖಿಗೂ ತಾಳೆಯಿಲ್ಲ. ಹುಟ್ಟಿ ಹತ್ತು ವರ್ಷದ ಮೇಲೆ ಮಾಡಿಸಿದ ಪ್ರಮಾಣಪತ್ರವಂತೂ ಅನುಮಾನಕ್ಕೆ ನೇರ ಆಹ್ವಾನ. ತಿದ್ದಿಸಲು ವಾರಗಳೇ ಹಿಡಿಯುವುದರಿಂದ ಕೆಲಸ ಜೂನ್‌ನಲ್ಲೇ ಮುಗಿಯಬೇಕು. ಕಾಗದ ಸರಿಯಿದ್ದರೂ ಮೂಳೆ ಮಾತಾಡುತ್ತದೆ. ಕಿರಿಯರ ಫುಟ್‌ಬಾಲಿನಲ್ಲಿ ಮಣಿಕಟ್ಟಿನ ಎಕ್ಸ್‌ರೇ ಅಥವಾ ಎಂ.ಆರ್.ಐ. ನೋಡುತ್ತಾರೆ. ಎಂ.ಆರ್.ಐ.ನಲ್ಲಿ ಮುಂಗೈ ಮೂಳೆಯ ತುದಿಯ ಬೆಳವಣಿಗೆಯ ಪದರ ಪೂರ್ತಿ ಬೆಸೆದಿದ್ದರೆ ಹದಿನೇಳರೊಳಗಿನವ ಎಂಬ ವಾದ ನಿಲ್ಲುವುದಿಲ್ಲ. ಬೇಗ ಬೆಳೆದ ಅಪ್ಪಟ ಹುಡುಗನೊಬ್ಬ ಅಪರೂಪಕ್ಕೆ ಸಿಕ್ಕಿಬೀಳುವುದೂ ಉಂಟು, ಪಾಪ.

ಇನ್ನು ಮೈದಾನ. ಬೇಸಿಗೆ ರಜೆಯಲ್ಲಿ ಸಡಿಲಾದ ಕಾಲುಗಳನ್ನು ಮೊದಲ ದಿನವೇ ಸ್ಪ್ರಿಂಟ್‌ಗೆ ಬಿಟ್ಟರೆ ತೊಡೆಯ ಹಿಂಭಾಗದ ಸ್ನಾಯು ಹಿಡಿಯುತ್ತದೆ. ಎರಡು ವಾರ ನಿಧಾನದ ಓಟ, ಆಮೇಲೆ ವೇಗ. ಫಿಫಾದ 11+ ವಾರ್ಮ್‌ಅಪ್ ಸುಮಾರು 20 ನಿಮಿಷದ್ದು. ವಾರಕ್ಕೆ ಎರಡು ಬಾರಿಯಾದರೂ ಬಿಡದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆ. ಚೆಂಡು 5ನೇ ಸೈಜ್, ತೂಕ 410ರಿಂದ 450 ಗ್ರಾಂ. ಹೊಲಿಗೆ ಬಿಟ್ಟ ಹಳೆಯ ಚೆಂಡು ನೀರು ಕುಡಿದು ಭಾರವಾಗುತ್ತದೆ, ಅದರಲ್ಲಿ ಹೆಡ್ಡಿಂಗ್ ಮಾಡಿಸಲೇಬಾರದು. ಗೆರೆಗೆ ಸುಟ್ಟ ಸುಣ್ಣ ಹಾಕುವ ಕೆಟ್ಟ ಚಾಳಿ ಇನ್ನೂ ಕೆಲವೆಡೆ ಇದೆ. ಮಳೆನೀರು ತಾಗಿದೊಡನೆ ಅದು ಕಾಯುತ್ತದೆ. ಜಾರಿಬಿದ್ದವನ ಚರ್ಮ, ಕಣ್ಣು ಸುಡುತ್ತವೆ. ಸೀಮೆಸುಣ್ಣದ ಪುಡಿ ಸಾಕು, ತೊಳೆದುಹೋದರೆ ಮತ್ತೆ ಎಳೆಯಿರಿ. ನೀರು ನಿಂತಿದೆಯೇ ಎಂಬುದಕ್ಕೆ ಸುಲಭದ ಪರೀಕ್ಷೆ: ಪೆನಾಲ್ಟಿ ಜಾಗದಿಂದ ಗೋಲ್ ಗೆರೆಯ ಕಡೆಗೆ ಚೆಂಡು ಉರುಳಿಸಿ. 11 ಮೀಟರ್ ದಾಟದೆ ನಡುವೆ ನಿಂತುಬಿಟ್ಟರೆ ಅಂದು ಪಾಸಿನ ಆಟ ಮರೆತು ಎತ್ತಿ ಹೊಡೆಯುವುದೇ ಸರಿ.

ಜಿಲ್ಲೆ, ವಿಭಾಗ, ರಾಜ್ಯ ಎನ್ನುತ್ತ ಬಸ್ಸು ಹತ್ತುವಾಗ ಜೆರ್ಸಿ, ಸ್ಟಡ್, ಪಂಪ್ ಎಲ್ಲ ಹುಡುಗರ ಹೆಗಲಿಗೆ. ಪ್ರಮಾಣಪತ್ರಗಳ ಮೂಲ ಪ್ರತಿ ಮಾತ್ರ ಮೇಷ್ಟ್ರ ಚೀಲದಲ್ಲಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ. ಆ ಚೀಲವನ್ನು ಅವರು ಬಸ್ಸಿನ ಮೇಲೆ ಹಾಕಲು ಬಿಟ್ಟದ್ದಿಲ್ಲ.