ಸ್ಯಾಟಲೈಟಲ್ಲಿ ನಮ್ಮ ತೋಟ ಕಾಣುತ್ತಾ?

ಸ್ಯಾಟಲೈಟ್ ಇಮೇಜು, ಮ್ಯಾಪು ಇಟ್ಕೊಂಡು ಕೆಲಸ ಮಾಡ್ತೀನಿ ಅಂತ ಗೊತ್ತಾದ್ ಕೂಡ್ಲೆ, ಮದ್ವೆ ಮನೆ ಆಗ್ಲಿ ಮಡಿಕೇರಿ ಬಸ್‌ಸ್ಟ್ಯಾಂಡ್ ಆಗ್ಲಿ, ಎಲ್ರೂ ಕೇಳೋದು ಒಂದೇ: "ಮೇಲಿಂದ ನಮ್ಮ ತೋಟ ಕಾಣುತ್ತಾ? ಈ ಸಲ ಫಸಲು ಎಷ್ಟು ಬರುತ್ತೆ ಹೇಳ್ತೀರಾ?"

ತೋಟ ಕಾಣುತ್ತೆ, ಕಾಫಿ ಕಾಣಲ್ಲ. ಬ್ರೆಜಿಲ್ ಕಡೆ ಬಯಲಲ್ಲಿ ಸಾಲಾಗಿ ನೆಟ್ಟಿರ್ತಾರೆ, ಅಲ್ಲಿ ಗಿಡನೇ ಕಾಣುತ್ತೆ, ನಮ್ದು ಮರದ ನೆರಳಲ್ಲಿ ಬೆಳೆಯೋ ಕಾಫಿ. ಫ್ರೀಯಾಗಿ ಸಿಗೋ, ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್ ಇಮೇಜಲ್ಲಿ ಒಂದು ಪಿಕ್ಸೆಲ್, ಅಂದ್ರೆ ಇಮೇಜಿನ ಒಂದು ಚುಕ್ಕಿ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 10 ಅಡಿಗೊಂದು ರೊಬಸ್ಟಾ ಕಾಫಿ ಗಿಡ ಹಾಕಿದ್ರೆ ಅಷ್ಟರೊಳಗೆ ಹತ್ತು ಹನ್ನೊಂದು ಗಿಡ, ಮೇಲೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲಾ ಸೇರಿ ಒಂದೇ ಬಣ್ಣ ಆಗಿ ಬಿದ್ದಿರುತ್ತೆ. ಅದ್ರಲ್ಲಿ ಕಾಯಿ ಎಣಿಸೋದು ಎಲ್ಲಿಂದ ಬಂತು!

ಹಸಿರು ಅಳೆಯೋಕೆ ಎನ್‌ಡಿವಿಐ ಅಂತ ಒಂದು ಲೆಕ್ಕ ಇದೆ. ಎಲೆ ಕೆಂಪು ಬೆಳಕನ್ನ ಹೀರ್ಕೊಳ್ಳುತ್ತೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನ ವಾಪಸ್ ಕಳಿಸುತ್ತೆ, ಈ ಎರಡರ ವ್ಯತ್ಯಾಸವನ್ನ ಎರಡರ ಮೊತ್ತದಿಂದ ಭಾಗಿಸಿದ್ರೆ ಆಯ್ತು. ತೊಂದ್ರೆ ಏನಂದ್ರೆ ಹಳೇ ದೇವರಕಾಡಿಗೂ ಪಕ್ಕದ ಒತ್ತಾದ ತೋಟಕ್ಕೂ ಹೆಚ್ಚುಕಮ್ಮಿ ಒಂದೇ ನಂಬರ್ ಬರುತ್ತೆ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲೂ ಹಾಗೇನೇ, 1 ಹೆಕ್ಟೇರಿಗಿಂತ ಜಾಸ್ತಿ ಜಾಗದಲ್ಲಿ ಮರದ ನೆರಳು ಶೇ. 10ಕ್ಕಿಂತ ಹೆಚ್ಚಿದ್ರೆ, ಜಾಗ ಯಾರದ್ದೇ ಇರ್ಲಿ, ಅದು ಅರಣ್ಯ ಹೊದಿಕೆ. ಹಾಗಾಗಿ ಕೊಡಗು ಮ್ಯಾಪಲ್ಲಿ ಹಚ್ಚಗೆ ಕಂಡ್ರೆ ನಾನಂತೂ ಖುಷಿ ಪಡಲ್ಲ, ಕಾಡುಮರ ಕಡ್ದು ಸಿಲ್ವರ್ ಓಕ್ ತುಂಬಿಸಿದ್ರೂ ಆ ಹಸಿರು ಹಾಗೇ ಇರುತ್ತೆ.

ಇದನ್ನ ಕಂಡುಹಿಡಿಯೋಕೆ ಒಂದು ದಾರಿ ಇದೆ, ಬೇಸಿಗೆ ಇಮೇಜ್ ನೋಡ್ಬೇಕು. ಜನವರಿಯಿಂದ ಮಾರ್ಚ್ ಒಳಗೆ ಹಾಲುವಾಣ, ಮತ್ತಿ, ಹೊನ್ನೆ ಎಲ್ಲಾ ಎಲೆ ಉದುರಿಸ್ತವೆ, ಸಿಲ್ವರ್ ಮಾತ್ರ ಹಸಿರಾಗೇ ನಿಂತಿರುತ್ತೆ. ಒಂದೇ ತೋಟದ ಡಿಸೆಂಬರ್ ಇಮೇಜು, ಫೆಬ್ರವರಿ ಇಮೇಜು ಪಕ್ಕಪಕ್ಕ ಇಟ್ರೆ ನೆರಳು ಯಾವ್ದು ಅಂತ ಒಂದು ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಆಮೇಲೆ ಬೂಟ್ ಹಾಕ್ಕೊಂಡು ತೋಟಕ್ಕೆ ಇಳಿಯಲೇಬೇಕು. ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಸವರೋ ಕೆಲಸ, ಆದ್ಮೇಲೆ ತೆಗ್ದ ಇಮೇಜ್ ನೋಡಿ ಮರ ಕಡ್ದಿದ್ದಾರೆ ಅಂತ ಬರ್ದುಬಿಟ್ರೆ ತೋಟದವ್ರು ಸುಮ್ನೆ ಬಿಡ್ತಾರಾ.

ಗದ್ದೆ ವಿಷ್ಯದಲ್ಲಿ ಸ್ಯಾಟಲೈಟ್ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ. ನಾಟಿ ಸಮಯದಲ್ಲಿ ಪೂರಾ ಮೋಡ, ಮಾಮೂಲಿ ಇಮೇಜಲ್ಲಿ ಬರೀ ಬಿಳಿ. ಆದ್ರೆ ಸೆಂಟಿನೆಲ್-1 ಅನ್ನೋ ಸ್ಯಾಟಲೈಟಿನ ರೇಡಾರ್ ಮೋಡ ದಾಟಿ ನೋಡುತ್ತೆ, ನೀರು ನಿಂತ ಗದ್ದೆ ಅದ್ರಲ್ಲಿ ಕಪ್ಪಗೆ ಬರುತ್ತೆ. ವರ್ಷವರ್ಷ ಜುಲೈ-ಆಗಸ್ಟ್ ಇಮೇಜ್ ತೆಗ್ದು ನೋಡಿದ್ರೆ ಕಪ್ಪು ಎಲ್ಲಿ ಮಾಯ ಆಗಿದೆ ಗೊತ್ತಾಗುತ್ತೆ, ಅಲ್ಲಿ ಹೋದ್ರೆ ಅಡಿಕೆನೋ ಶುಂಠಿನೋ, ಇಲ್ಲಾ ಹುಲ್ಲು ಬೆಳ್ದ ಪಾಳು. ಎರಡು ಗುಡ್ಡದ ಮಧ್ಯೆ ಇರೋ ಸಣ್ಣ ಗದ್ದೆ ಮಾತ್ರ ಕಷ್ಟ, ರೇಡಾರ್ ಓರೆಯಾಗಿ ನೋಡೋದ್ರಿಂದ ಗುಡ್ಡ ಅಡ್ಡ ಬಂದುಬಿಡುತ್ತೆ.

ಇನ್ನೊಂದು ಪ್ರಶ್ನೆ 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡ ಕುಸಿದ್ಮೇಲೆ ಶುರುವಾಗಿದ್ದು: ನಮ್ಮ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿಯುತ್ತಾ ಹೇಳಿ ಅಂತ. ಮಕ್ಕಂದೂರು, ಜೋಡುಪಾಲ ಕಡೆ ಕುಸಿದಿದ್ದು ಆಮೇಲಿನ ಇಮೇಜಲ್ಲಿ ಕೆಂಪು ಗೀರು ಗೀರಾಗಿ ಕಾಣುತ್ತೆ, ಎಲ್ಲಿಂದ ಎಲ್ಲಿವರೆಗೆ ಅಂತ ಗೆರೆ ಎಳೀಬಹುದು, ಇಳಿಜಾರು ಎಷ್ಟು ಅಂತ ಎತ್ತರದ ಡೇಟಾದಿಂದ ತೆಗೀಬಹುದು. ಆದ್ರೆ ನಿಮ್ಮ ಮನೆ ಹಿಂದೆ ಜೆಸಿಬಿ ತಂದು ನೆಟ್ಟಗೆ ಕಡ್ದಿರೋ ಬರೆ 10 ಮೀಟರ್ ಪಿಕ್ಸೆಲ್ ಒಳಗೆ ಮುಚ್ಚಿಹೋಗುತ್ತೆ. ಅದನ್ನ ನನಗಿಂತ ಮುಂಚೆ ನೀವೇ ನೋಡಿರ್ತೀರಿ.

ನೀವೇ ನೋಡ್ಬೇಕು ಅಂದ್ರೆ ಇಸ್ರೋದ ಭುವನ್ ವೆಬ್‌ಸೈಟ್ ಇದೆ, ಹಳೇ ಇಮೇಜ್ ಬೇಕಂದ್ರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟಿಂದು ಇದೆ, 2008ರಿಂದ ಅದೂ ಫ್ರೀ. ಮಳೆಗಾಲದ ಡೇಟ್ ಮಾತ್ರ ಹಾಕ್ಬೇಡಿ, ಮೋಡ ನೋಡ್ಕೊಂಡು ಕೂರ್ಬೇಕಾಗುತ್ತೆ.