ಹೈಬ್ರಿಡ್ ಕಾರಿನ ಬ್ರೇಕ್ ಕೆಲಸದ ದಾಖಲೆ, ಚಿಕ್ಕಬಳ್ಳಾಪುರ

ಗಾಡಿ: 1.5 ಲೀಟರ್ ಪೆಟ್ರೋಲ್ ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿ, ನಾಲ್ಕೂ ಚಕ್ರಕ್ಕೆ ಡಿಸ್ಕ್, ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್. ಮೀಟರ್ 61,800 ಕಿ.ಮೀ. ಓಡಾಟ ಹೆಚ್ಚಾಗಿ ಹೆದ್ದಾರಿ 44ರಲ್ಲಿ, ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ, ಹೆಬ್ಬಾಳದ ಕಡೆಗೆ. ಆಗಾಗ ನಂದಿ ಬೆಟ್ಟ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ಕಾರ್ಖಾನೆಯಿಂದ ಬಂದವೇ. ಬ್ರೇಕ್ ಆಯಿಲ್ ಬದಲಿಸಿದ ಗುರುತು ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಹೈಬ್ರಿಡ್‌ನಲ್ಲಿ ಪ್ಯಾಡ್ ಲಕ್ಷ ಕಿಲೋಮೀಟರ್ ಬಂದರೂ ಆಶ್ಚರ್ಯವಿಲ್ಲ. ಕಾಲು ಪೆಡಲ್ ಮೇಲೆ ಬಿದ್ದ ಕೂಡಲೇ ಮೋಟಾರ್ ಜನರೇಟರ್ ಆಗಿ ತಿರುಗಿ ವೇಗ ಇಳಿಸುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಪ್ಯಾಡ್ ಡಿಸ್ಕನ್ನು ಹಿಡಿಯುವುದು ಜೋರಾಗಿ ಒತ್ತಿದಾಗ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡಿದಾಗ, ಬ್ಯಾಟರಿ ತುಂಬಿದಾಗ, ಗಾಡಿ ನಿಲ್ಲುವ ಕೊನೆಯ ಕೆಲವು ಮೀಟರ್‌ಗಳಲ್ಲಿ. ಸವೆತ ಕಡಿಮೆ ಎಂದು ಬ್ರೇಕನ್ನು ಮರೆತರೆ ಇನ್ನೆರಡು ಕೆಡುಕು ಸದ್ದಿಲ್ಲದೆ ಬೆಳೆಯುತ್ತವೆ: ಕೆಲಸವಿಲ್ಲದ ಭಾಗಗಳಿಗೆ ತುಕ್ಕು, ಕಿಲೋಮೀಟರ್ ಲೆಕ್ಕಕ್ಕೆ ಸಿಗದೆ ಹಳೆಯದಾಗುವ ಬ್ರೇಕ್ ಆಯಿಲ್. ಈ ಗಾಡಿಯಲ್ಲಿ ಎರಡೂ ಸಿಕ್ಕಿವೆ.

ಅಳತೆ

ಚಕ್ರದ ಕಡ್ಡಿಗಳ ಸಂದಿನಿಂದ ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಈ ಗಾಡಿಯಲ್ಲಿ ಅದು ಚೆನ್ನಾಗಿಯೇ ಇತ್ತು. ಚಕ್ರ ಕಳಚಿ, ಹಿಂಬದಿಯ ಲೋಹದ ಹಾಳೆ ಬಿಟ್ಟು ಬರೀ ಘರ್ಷಣೆಯ ಪದರವನ್ನು ಅಳೆದಾಗ ಚಿತ್ರ ಬೇರೆಯಾಯಿತು. ಮುಂದೆ ಎಡ, ಬಲ ಎರಡೂ ಕಡೆ 8.4ರಿಂದ 8.7 ಮಿ.ಮೀ. ಹಿಂದಿನ ಬಲಕ್ಕೆ ಹೊರಗೆ 7.9, ಒಳಗೆ 7.6. ಹಿಂದಿನ ಎಡಕ್ಕೆ ಹೊರಗೆ 8.1, ಒಳಗೆ 5.2, ಅದೂ ಒಂದೇ ಸಮ ಅಲ್ಲ, ಕೆಳತುದಿಯಲ್ಲಿ ಹೆಚ್ಚು ಸವೆದ ಓರೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಈ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರಬೇಕು. ಪಿನ್ ಜಾಮ್ ಆದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ, ಬಿಟ್ಟ ಮೇಲೂ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಒಂದೇ ಪಿನ್ ಜಾಮ್ ಆದರೆ ಸವೆತ ಓರೆಯಾಗುತ್ತದೆ. ಆದ್ದರಿಂದ ಒಳ-ಹೊರ ಪ್ಯಾಡುಗಳ ವ್ಯತ್ಯಾಸ 2 ಮಿ.ಮೀ. ದಾಟಿದರೆ ಪ್ಯಾಡ್ ಎಷ್ಟೇ ದಪ್ಪ ಉಳಿದಿದ್ದರೂ ಕ್ಯಾಲಿಪರ್ ಬಿಚ್ಚಲೇಬೇಕು ಎಂಬುದು ನಮ್ಮ ನಿಲುವು. ಪೂರಾ ಸವೆಯುವ ತನಕ ಕಾಯುವುದು ಇಲ್ಲಿ ತಪ್ಪು ಅಳತೆಗೋಲು.

ಡಿಸ್ಕ್ ದಪ್ಪ ಅಳೆಯುವಾಗ ಒಂದು ಎಚ್ಚರಿಕೆ. ಅಂಚಿನಲ್ಲಿ ಪ್ಯಾಡ್ ತಾಗದ ಕಡೆ ತುಕ್ಕಿನ ಏಣು ಎದ್ದಿರುತ್ತದೆ. ವರ್ನಿಯರ್ ಆ ಏಣಿನ ಮೇಲೆ ಕೂತು ಡಿಸ್ಕ್ ಹೊಸದರಷ್ಟೇ ದಪ್ಪ ಇದೆ ಎನ್ನುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಎರಡು ಬದಿಗೂ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಬೇಕು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ತುಕ್ಕು ಉಜ್ಜಿದರೆ ಓದಲು ಸಿಗುತ್ತದೆ. ಇಲ್ಲಿ ನಾಲ್ಕೂ ಡಿಸ್ಕ್ ಮಿತಿಗಿಂತ ಬಹಳ ಮೇಲಿವೆ.

ತುಕ್ಕಿಗೆ ನಮ್ಮ ಕಡೆಯ ಕಾರಣವೂ ಸೇರಿಕೊಳ್ಳುತ್ತದೆ. ಗಾಡಿ ತೊಳೆಯುವುದು ಬೋರ್‌ವೆಲ್‌ನ ಗಡುಸು ನೀರಿನಲ್ಲಿ. ಅದು ಆರಿದ ಕಡೆ ಬಿಳಿ ಉಪ್ಪು ಕೂರುತ್ತದೆ, ಅದರ ಮೇಲೆ ಕ್ರಷರ್ ಲಾರಿಗಳ ಹಿಂದೆ ಏಳುವ ಕಲ್ಲುಪುಡಿ. ಪ್ಯಾಡಿನ ಕಿವಿಗಳು ಕೂರುವ ತೋಡಿನಲ್ಲಿ ಈ ಎರಡೂ ಸೇರಿ ಗಟ್ಟಿಯಾದರೆ ಪ್ಯಾಡ್ ಹಿಂದಕ್ಕೆ ಸರಿಯುವುದಿಲ್ಲ. ದಿನವೂ ಬಿಸಿಯಾಗುವ ಮಾಮೂಲಿ ಕಾರಿನ ಬ್ರೇಕಿನಲ್ಲಿ ತೇವ ಆರಿಹೋಗುತ್ತದೆ. ಹೈಬ್ರಿಡ್‌ನ ಹಿಂದಿನ ಬ್ರೇಕ್ ಎಷ್ಟೋ ದಿನ ತಣ್ಣಗೇ ಇರುತ್ತದೆ.

ಬಿಚ್ಚುವ ಮೊದಲು

ಈ ಭಾಗ ಓದದೆ ಸ್ಪ್ಯಾನರ್ ಹಿಡಿಯಬೇಡಿ. ಈ ಗಾಡಿಯ ಬ್ರೇಕಿಗೆ ಪಂಪ್ ಇದೆ, ಒತ್ತಡ ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರ್ ಇದೆ. ಕೀ ಆನ್ ಮಾಡದಿದ್ದರೂ ಚಾಲಕನ ಬಾಗಿಲು ತೆರೆದರೆ ಅಥವಾ ಪೆಡಲ್ ತಾಗಿದರೆ ಸಾಕು, ಪಂಪ್ ಗುಯ್ ಎಂದು ಎಚ್ಚೆತ್ತುಕೊಳ್ಳಬಹುದು. ಪ್ಯಾಡ್ ತೆಗೆದಿರುವಾಗ ಆ ಒತ್ತಡ ಬಂದರೆ ಪಿಸ್ಟನ್ ಹೊರಗೆ ಚಿಮ್ಮುತ್ತದೆ, ನಡುವೆ ಬೆರಳಿದ್ದರೆ ಜಜ್ಜಿಹೋಗುತ್ತದೆ.

ಸಮತಟ್ಟು ನೆಲ, ಮುಂದಿನ ಚಕ್ರಗಳಿಗೆ ಎರಡೂ ಬದಿ ಕಟ್ಟೆ, ಜ್ಯಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸುವುದು. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಪವರ್ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ಮನೆಯೊಳಗೆ ದೂರ ಇಟ್ಟು, ಕೆಲವು ನಿಮಿಷ ಬಿಟ್ಟು 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಕಳಚಿದೆವು. ಬ್ಯಾಟರಿ ಡಿಕ್ಕಿಯಲ್ಲಿರುವ ಗಾಡಿಯಾದರೆ ಡಿಕ್ಕಿ ಬಾಗಿಲು ಮುಚ್ಚಿಹೋಗದಂತೆ ನೋಡಿಕೊಳ್ಳಿ, ಕರೆಂಟ್ ಇಲ್ಲದೆ ಅದು ತೆರೆಯುವುದಿಲ್ಲ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ. ಅವನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಹಿಂದಿನ ಎಡ ಕ್ಯಾಲಿಪರ್

ಮೇಲಿನ ಪಿನ್ ಕೈಯಲ್ಲೇ ಜಾರಿತು. ಕೆಳಗಿನದು ಅಲುಗಲಿಲ್ಲ. ರಬ್ಬರ್ ಬೂಟಿನ ತುಟಿ ಪಿನ್ನಿನ ತೋಡಿನಿಂದ ಜಾರಿ ನೀರು ಒಳಗೆ ಇಳಿದಿತ್ತು, ಗ್ರೀಸ್ ಒಣಗಿ ಕಂದು ಪುಡಿಯಾಗಿತ್ತು. ಪಿನ್ನನ್ನು ಸ್ಪ್ಯಾನರ್‌ನಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೊರಗೆ ತಂದೆವು. ಸುತ್ತಿಗೆ ಏಟು ಇಲ್ಲಿ ಬೇಡ, ಪಿನ್ ಕೂರುವ ಬ್ರಾಕೆಟ್‌ನ ತೂತು ಅಂಡಾಕಾರವಾದರೆ ಬ್ರಾಕೆಟ್ಟೇ ಹೊಸದು ಬೇಕಾಗುತ್ತದೆ. ಮೈ ತಿಂದುಹೋದ ಪಿನ್ನನ್ನು ಎಮರಿ ಪೇಪರ್ ಹೊಡೆದು ಮತ್ತೆ ಹಾಕುವವರಿದ್ದಾರೆ. ಅದು ಕೆಲವೇ ತಿಂಗಳಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಪಿನ್, ಬೂಟ್ ಎರಡೂ ಹೊಸದು ಹಾಕಿದ್ದೇವೆ. ಮೇಲಿನ ಮತ್ತು ಕೆಳಗಿನ ಪಿನ್ ಒಂದೇ ಥರ ಕಂಡರೂ ಕೆಲವು ಗಾಡಿಗಳಲ್ಲಿ ಒಂದಕ್ಕೆ ರಬ್ಬರ್ ತೋಳು ಇರುತ್ತದೆ. ಅದಲು ಬದಲು ಮಾಡಬಾರದು.

ಪಿನ್ನಿಗೆ ಹಾಕಿದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ತೆಳುವಾಗಿ. ವೀಲ್ ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಅತಿಯಾಗಿ ತುಂಬಿದರೂ ತೊಂದರೆ: ಒಂದು ತುದಿ ಮುಚ್ಚಿದ ತೂತಿನೊಳಗೆ ಗಾಳಿ ಸಿಕ್ಕಿಕೊಂಡು ಪಿನ್ನನ್ನು ಸ್ಪ್ರಿಂಗಿನಂತೆ ಹೊರಕ್ಕೆ ತಳ್ಳುತ್ತದೆ. ಬ್ರಾಕೆಟ್‌ನ ಸ್ಟೀಲ್ ಕ್ಲಿಪ್ ತೆಗೆದು ಅದರ ಅಡಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜುವುದು ಬಹಳ ಜನ ಬಿಡುವ ಹೆಜ್ಜೆ. ಕ್ಲಿಪ್ ಅಡಿ ತುಕ್ಕು ಊದಿದರೆ ಕ್ಲಿಪ್ ಮೇಲೆದ್ದು ಪ್ಯಾಡಿನ ಕಿವಿಯನ್ನು ಹಿಡಿಯುತ್ತದೆ. ಶುದ್ಧ ಮಾಡಿ ಕೂರಿಸಿದ ಮೇಲೆ ಪ್ಯಾಡ್ ಎರಡು ಬೆರಳಿನ ಒತ್ತಿಗೆ ಜಾರಬೇಕು.

ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇರುವುದರಿಂದ ಈ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ಒತ್ತುವಂತಿಲ್ಲ, ಒಳಗಿನ ಸ್ಕ್ರೂ ಹಾಳಾಗುತ್ತದೆ. ತಿರುಗಿಸುತ್ತಾ ಒತ್ತುವ ಟೂಲ್ ಬೇಕು. ಪಿಸ್ಟನ್ ಮುಖದ ಕಚ್ಚು ಪ್ಯಾಡಿನ ಹಿಂದಿನ ಗುಬುಟಿಗೆ ಸರಿಯಾಗಿ ಕೂರುವಂತೆ ನಿಲ್ಲಿಸಬೇಕು. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರ್ ಹಿಂದಕ್ಕೆ ಸರಿಸದೆ ಮುಂದುವರಿಯಬಾರದು. ಪಿಸ್ಟನ್ ಒಳಗೆ ಹೋದಂತೆ ಮೇಲಿನ ಟ್ಯಾಂಕಿನಲ್ಲಿ ಆಯಿಲ್ ಏರುತ್ತದೆ, ತುಂಬಿ ಚೆಲ್ಲುವ ಮೊದಲೇ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಬಣ್ಣದ ಮೇಲೆ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಬೇಕು.

ಓರೆಯಾಗಿ ಸವೆದ ಪ್ಯಾಡನ್ನು ಮತ್ತೆ ಹಾಕಲಿಲ್ಲ. ಹಿಂದಿನ ಎರಡೂ ಚಕ್ರಕ್ಕೆ ಜೋಡಿಯಾಗಿ ಹೊಸ ಪ್ಯಾಡ್. ತೆಗೆದ ಪ್ಯಾಡಿನ ಲೋಹದ ಹಾಳೆಯ ಅಂಚಿನಲ್ಲಿ ತುಕ್ಕು ಘರ್ಷಣೆ ಪದರದ ಅಡಿಗೆ ನುಗ್ಗಲು ಶುರುವಾಗಿತ್ತು. ಇದು ಮುಂದುವರಿದರೆ ಪದರ ಹಾಳೆಯಿಂದ ಬಿಟ್ಟು ಬರುತ್ತದೆ. ದಪ್ಪ ಉಳಿದಿದೆ ಎಂಬ ನೆಮ್ಮದಿಗೆ ಅರ್ಥವಿಲ್ಲ.

ನಂದಿ ಇಳಿಜಾರಿನ ಲೆಕ್ಕ

ಬ್ರೇಕ್ ಆಯಿಲ್ ಯಾಕೆ ತಡಮಾಡಬಾರದು ಎಂಬುದಕ್ಕೆ ನಮ್ಮೂರಿನ ಬೆಟ್ಟವೇ ಸಾಕು. ನಂದಿಯ ತುದಿ 1,478 ಮೀಟರ್. ಕೆಳಗಿನ ರಸ್ತೆಗೆ ಇಳಿಯುವಾಗ ಎತ್ತರ ಸುಮಾರು 500 ಮೀಟರ್ ಕಡಿಮೆಯಾಗುತ್ತದೆ. ನಾಲ್ವರು ಕೂತ ಗಾಡಿ 1,500 ಕೆ.ಜಿ. ಎಂದಿಟ್ಟುಕೊಳ್ಳಿ. 1,500 × 9.8 × 500, ಅಂದರೆ ಸುಮಾರು 73.5 ಲಕ್ಷ ಜೌಲ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 2 ಯೂನಿಟ್. ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳ ಬ್ಯಾಟರಿ ಇಡಿಯಾಗಿ ಸುಮಾರು 0.76 ಯೂನಿಟ್, ಬಾಳಿಕೆಗಾಗಿ ಅದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಟೈರಿನ ಉರುಳುವಿಕೆ, ಗಾಳಿ, ಎಸಿ ಸ್ವಲ್ಪ ತಿನ್ನುತ್ತವೆ. ಉಳಿದದ್ದಕ್ಕೆ ದಾರಿ ಎರಡೇ: ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಕಳೆಯುವುದು, ಇಲ್ಲವೇ ಡಿಸ್ಕ್ ಕಾಯಿಸುವುದು.

ವರ್ಷವಿಡೀ ಬಿಸಿ ಕಾಣದ ಬ್ರೇಕ್ ಆಯಿಲ್ ಕಾಯುವುದು ಅದೇ ಇಳಿಜಾರಿನಲ್ಲಿ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, 3.7 ಶೇಕಡಾ ನೀರು ಸೇರಿದಾಗ ಈ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ನೀರು ಸೇರುವುದು ರಬ್ಬರ್ ಹೋಸ್ ಮೂಲಕ, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಯ ಮೂಲಕ. ಗಾಡಿ ಓಡಲಿ, ನಿಂತಿರಲಿ, ಸೇರುತ್ತಲೇ ಇರುತ್ತದೆ. ಕುದಿದರೆ ಆವಿಯ ಗುಳ್ಳೆ ಒತ್ತಡವನ್ನು ನುಂಗುತ್ತದೆ. ಇನ್ನೊಂದು ಸೂಕ್ಷ್ಮ: ಈ ಬಗೆಯ ಬ್ರೇಕಿನಲ್ಲಿ ಪೆಡಲಿನ ಗಟ್ಟಿತನವನ್ನು ಕೊಡುವುದು ಪ್ರತ್ಯೇಕ ಸಿಮ್ಯುಲೇಟರ್. ಪೆಡಲ್ ಮೆತ್ತಗಾಗುವ ಹಳೆಯ ಮುನ್ಸೂಚನೆ ಕಾಲಿಗೆ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಇಳಿಯುವಾಗ, ಎಂಜಿನ್ ತಿರುಗಿಸಿ ವೇಗ ತಡೆಯುವ ಬಿ ಮೋಡ್‌ಗೆ ಹಾಕಬೇಕಾದ್ದು ಮೇಲಿನ ತಿರುವಿನಲ್ಲೇ; ಬ್ಯಾಟರಿ ತುಂಬಿದ ಮೇಲಲ್ಲ. ಎಂಜಿನ್ ಜೋರಾಗಿ ಕೂಗುತ್ತದೆ, ಅದು ಅದರ ಕೆಲಸ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾತ್ರ ಎಂದೂ ಬೇಡ.

ಬ್ರೇಕ್ ಆಯಿಲ್ ಬದಲಾವಣೆ

ಬಣ್ಣ ನೋಡಿ ತೀರ್ಮಾನಿಸಲಿಲ್ಲ. ತಿಳಿಯಾಗಿದ್ದರೂ ನೀರು ತುಂಬಿರಬಹುದು. ಎಲ್‌ಇಡಿ ದೀಪದ ಪೆನ್ ಟೆಸ್ಟರ್ ಅಳೆಯುವುದು ವಿದ್ಯುತ್ ಹರಿವನ್ನು, ಆಯಿಲ್‌ನ ಕಂಪನಿ ಬದಲಾದರೆ ಅದರ ಲೆಕ್ಕವೂ ತಪ್ಪುತ್ತದೆ. ಕುದಿಸಿ ನೋಡುವ ಟೆಸ್ಟರ್ ನಂಬಬಹುದು. ದಾಖಲೆಯೇ ಇಲ್ಲದ ಈ ಗಾಡಿಗೆ ಪರೀಕ್ಷೆ ಬೇಕೇ ಇಲ್ಲ, ನೇರ ಬದಲಾವಣೆ. ಮುಂದಕ್ಕೆ ಎರಡು ವರ್ಷಕ್ಕೊಮ್ಮೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಹೇಳಿದರೆ ಅದೇ ಅಂತಿಮ.

ಮುಚ್ಚಳದ ಮೇಲೆ ಬರೆದ ದರ್ಜೆಯದೇ, ಸೀಲ್ ಒಡೆಯದ 500 ಮಿ.ಲೀ. ಬಾಟಲಿ ಎರಡು ತಂದೆವು. ದೊಡ್ಡ ಕ್ಯಾನ್ ಅಗ್ಗ ಎಂದು ತಂದು ಅರ್ಧ ಉಳಿಸಿದರೆ ಅದು ಅಟ್ಟದ ಮೇಲೆಯೇ ನೀರು ಹೀರುತ್ತದೆ. ಸಿಲಿಕೋನ್‌ನ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ, ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಈ ಕೆಲಸಕ್ಕೆ 12 ವೋಲ್ಟ್ ಮತ್ತೆ ಜೋಡಿಸಬೇಕು, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಇಬ್ಬರು ಸೇರಿ ಪೆಡಲ್ ತುಳಿದು, ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚುವ ಹಳೆ ಕ್ರಮದಲ್ಲಿ ಅಕ್ಯುಮುಲೇಟರ್, ವಾಲ್ವ್ ಬ್ಲಾಕಿನೊಳಗಿನ ಹಳೆ ಆಯಿಲ್ ಹೊರಬರುವುದಿಲ್ಲ, ಮೇಲಾಗಿ ಗಾಳಿ ಒಳಸೇರಿ ವಾರ್ನಿಂಗ್ ದೀಪ ಹತ್ತುತ್ತದೆ. ಸ್ಕ್ಯಾನರ್‌ನ ಬ್ಲೀಡಿಂಗ್ ಮೆನು ಯಾವ ಚಕ್ರ ಎಂದು ಕೇಳುತ್ತದೋ ಆ ಕ್ರಮದಲ್ಲೇ ಹೋದೆವು. ಹಿಂದಿನ ಚಕ್ರಗಳಲ್ಲಿ ಪಂಪಿನ ಒತ್ತಡವೇ ಆಯಿಲ್ ತಳ್ಳುತ್ತದೆ, ನಿಪ್ಪಲ್ ಕಾಲು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು. ಪಾರದರ್ಶಕ ಟ್ಯೂಬಿನ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಟ್ಯಾಂಕ್ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯದಂತೆ ನೋಡಲು ಒಬ್ಬರು ಅಲ್ಲೇ ನಿಲ್ಲಬೇಕು; ಪಂಪ್ ಗಾಳಿ ಎಳೆದರೆ ಮೊದಲಿನಿಂದ ಶುರು. ಕೊನೆಗೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ವಾಲ್ವ್ ಕಲಿಕೆಯ ಹೆಜ್ಜೆ ಇದ್ದರೆ ಮುಗಿಸಿ, ನಿಪ್ಪಲ್‌ಗಳಿಗೆ ರಬ್ಬರ್ ಟೋಪಿ ಹಾಕಿದೆವು. ಸ್ಕ್ಯಾನರ್ ಇಲ್ಲದವರು ಪ್ಯಾಡ್, ಪಿನ್ ಕೆಲಸ ಮನೆಯಲ್ಲಿ ಮಾಡಿಕೊಂಡು ಆಯಿಲ್ ಕೆಲಸವನ್ನು ವರ್ಕ್‌ಶಾಪಿಗೆ ಬಿಡುವುದೇ ಸರಿ.

ಹಳೆ ಆಯಿಲ್ ಬೇರೆ ಡಬ್ಬಿಯಲ್ಲಿದೆ. ಎಂಜಿನ್ ಆಯಿಲ್ ಜೊತೆ ಬೆರೆಸಿದರೆ ಎರಡೂ ಮರುಬಳಕೆಗೆ ಬರುವುದಿಲ್ಲ. ಮೋರಿಗಂತೂ ಸುರಿಯಬಾರದು.

ಪ್ಯಾಡ್ ಪಳಗಿಸುವುದು

ಹೈಬ್ರಿಡ್‌ನಲ್ಲಿ ಹೊಸ ಪ್ಯಾಡ್ ತಾನಾಗಿ ಪಳಗುವುದಿಲ್ಲ, ಮೋಟಾರ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೆಳಗ್ಗೆ ಖಾಲಿ ಇರುವ ಸಮತಟ್ಟು ಹಳ್ಳಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ, 50ರ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ 10ಕ್ಕೆ ಇಳಿಯುವವರೆಗೆ ಗಟ್ಟಿಯಾಗಿ, ಆದರೆ ಎಬಿಎಸ್ ಬಡಿಯದಷ್ಟು ಒತ್ತುವುದು. ನ್ಯೂಟ್ರಲ್‌ನಲ್ಲಿ ಮೋಟಾರ್ ಶಕ್ತಿ ಹಿಂದಕ್ಕೆ ಪಡೆಯುವುದಿಲ್ಲ, ಪೂರಾ ಕೆಲಸ ಪ್ಯಾಡಿನದು. ಮತ್ತೆ ಡಿ ಹಾಕಿ, ಒಂದಷ್ಟು ದೂರ ಓಡಿಸಿ ಡಿಸ್ಕ್ ಆರಿದ ಮೇಲೆ ಮುಂದಿನದು. ಎಂಟು ಹತ್ತು ಸಲ ಸಾಕು. ಹೆದ್ದಾರಿ 44ರಲ್ಲಿ ಇದನ್ನು ಮಾಡುವ ಯೋಚನೆ ಬೇಡ.

ಇದೇ ಕ್ರಮ ತುಕ್ಕಿಗೂ ಮದ್ದು. ವಾರಕ್ಕೊಮ್ಮೆ ಎರಡು ಮೂರು ಸಲ ಹೀಗೆ ನಿಲ್ಲಿಸಿದರೆ ಡಿಸ್ಕ್ ಹೊಳಪಿಗೆ ಬರುತ್ತದೆ. ಗಾಡಿ ತೊಳೆದ ಮೇಲೆ ಹಾಗೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಒಂದು ಸುತ್ತು ಓಡಿಸಿ, ಒತ್ತಿ ಒಣಗಿಸಿ ನಿಲ್ಲಿಸಿ.

ಬಾಕಿ

ಪಳಗಿಸಿದ ಮೇಲೆ ಹಿಂದಿನ ಎರಡೂ ಡಿಸ್ಕ್‌ಗಳ ಬಿಸಿ ಬಹುತೇಕ ಸಮ ಇದೆ, ಮೊದಲು ಎಡದ್ದು ಮುಟ್ಟಲಾಗದಷ್ಟು ಕಾಯುತ್ತಿತ್ತು. ಹಿಂದಿನ ಬಲ ಡಿಸ್ಕಿನ ಒಳಮೈಯಲ್ಲಿ ಅಂಚಿನ ತುಕ್ಕು ಇನ್ನೂ ಪೂರ್ತಿ ಹೋಗಿಲ್ಲ, ಬ್ರೇಕ್ ಒತ್ತಿದಾಗ ನಡುಕವಿಲ್ಲದ್ದರಿಂದ ಹಾಗೇ ಬಿಟ್ಟಿದ್ದೇವೆ. ಮುಂದಿನ ಪಿನ್‌ಗಳ ಗ್ರೀಸ್ ಕೆಲಸ ಇನ್ನೂ ಆಗಬೇಕು. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ; ಅದು ಮುಗಿದ ಮೇಲೆ ನಾಲ್ಕೂ ಚಕ್ರ ಕಳಚಿ ಒಳ-ಹೊರ ಪ್ಯಾಡ್ ಅಳತೆ ಮತ್ತೆ ಬರೆಯುತ್ತೇವೆ.