ಲಾಟ್ ನಂಬರನ್ನೇ ಕೀ ಮಾಡಿದರೆ ಸಾಲು ತಪ್ಪುತ್ತದೆ

ರಾಯಚೂರಿನ ದಲಾಲಿ ಅಂಗಡಿಗಳಿಗೆ ವೆಬ್ ಪೇಜ್ ಮಾಡಿಕೊಡುವವರಿಗೆ ಈ ದೂರು ಹೊಸದಲ್ಲ: "ಸರ್, ನಾವು ಬರೆಸಿದ ಸಾಲಿನಾಗ ಹತ್ತಿ ಲಾಟ್ ಬರವಲ್ಲವು ನೋಡ್ರಿ." ಡೇಟಾಬೇಸ್ ತಡಕಾಡುವ ಮೊದಲು ಲಾಟ್ ನಂಬರನ್ನೇ ಆಬ್ಜೆಕ್ಟ್‌ನ (ಹೆಸರು-ಮೌಲ್ಯ ಜೋಡಿಗಳ ಗುಂಪಿನ) ಕೀ, ಅಂದರೆ ಹೆಸರು, ಮಾಡಿದ್ದೀರಾ ನೋಡಿ.

ಜಾವಾಸ್ಕ್ರಿಪ್ಟ್‌ನಲ್ಲಿ 212, 45, 130 ಎಂದು ತುಂಬಿದರೂ ಲೂಪ್‌ನಲ್ಲಿ 45, 130, 212 ಎಂದೇ ಬರುತ್ತದೆ. ಪೂರ್ಣಾಂಕದ ರೂಪದ ಕೀಗಳು ಮೊದಲು, ಏರಿಕೆ ಕ್ರಮದಲ್ಲಿ. ಉಳಿದವು ಆಮೇಲೆ, ಸೇರಿಸಿದ ಕ್ರಮದಲ್ಲಿ. ಮುಂದೆ ಸೊನ್ನೆ ಇರುವ "045" ಈ ಎರಡನೇ ಗುಂಪಿಗೆ ಸೇರುತ್ತದೆ. ಆಗ ಸಾಲು 130, 212, 045. ಅಂಗಡಿಯವರು ತಲೆ ಕೆರೆದುಕೊಳ್ಳುವುದು ಇಲ್ಲೇ.

ಕ್ರಮ ಬೇಕೆಂದರೆ ಅರೇ, ಅಂದರೆ ಸಾಲುಪಟ್ಟಿ, ಬಳಸಿ. ಲಾಟ್ ನಂಬರ್ ಒಳಗಿನ ಒಂದು ಫೀಲ್ಡ್ ಆಗಿರಲಿ, ಲೂಪ್ ಫಾರ್-ಆಫ್ (ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೊಡುವಂಥದ್ದು) ಆಗಿರಲಿ. ಕೀ-ಮೌಲ್ಯ ಜೋಡಿಗಳನ್ನೇ ಇಡುವ ಮ್ಯಾಪ್ ಕೂಡ ಸೇರಿಸಿದ ಕ್ರಮ ಕಾಯುತ್ತದೆ, ಆದರೆ ಅದನ್ನು ನೇರವಾಗಿ ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ಮಾಡಿದರೆ ಖಾಲಿ ಆಬ್ಜೆಕ್ಟ್ ಸಿಗುತ್ತದೆ.

ಒಂದೇ ಲಾಟ್‌ನ ತೂಕ, ದರ, ಖರೀದಿದಾರ ಇಂಥ ವಿವರಕ್ಕೆ ಆಬ್ಜೆಕ್ಟೇ ಸರಿ. ಅದರ ಮೇಲೆ ನೇರವಾಗಿ ಫಾರ್-ಆಫ್ ಹಾಕಿದರೆ ಟೈಪ್ ಎರರ್. ಆಬ್ಜೆಕ್ಟ್.ಎಂಟ್ರೀಸ್ ಮೂಲಕ ಹೋದರೆ ಕೀ, ಅದರ ಮೌಲ್ಯ ಎರಡೂ ಒಟ್ಟಿಗೆ ಕೈಗೆ ಬರುತ್ತವೆ. ಕೀಗಳ ಮೇಲೆ ಸಾಗುವ ಫಾರ್-ಇನ್ ಲೂಪ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ: ಪ್ರೋಟೋಟೈಪ್‌ನಿಂದ, ಅಂದರೆ ಆಬ್ಜೆಕ್ಟ್‌ನ ಮೂಲ ಮಾದರಿಯಿಂದ, ಬಂದ ಪ್ರಾಪರ್ಟಿಗಳನ್ನೂ ಎಳೆದು ತರುತ್ತದೆ.

ಸರ್ವರ್ ಪಿಎಚ್‌ಪಿ ಆಗಿದ್ದರೆ ಇನ್ನೊಂದು ಕಿರಿಕಿರಿ. ಮಾರಾಟವಾದ ಲಾಟ್‌ಗಳನ್ನು ಅರೇ_ಫಿಲ್ಟರ್‌ನಿಂದ ತೆಗೆದ ಮೇಲೂ ಹಳೆಯ ಇಂಡೆಕ್ಸ್ ಹಾಗೇ ಉಳಿಯುತ್ತದೆ. ಕೊನೆಯ ಲಾಟ್ ಹೋದರೆ ಏನೂ ಆಗದು. ನಡುವಿನದೋ ಮೊದಲಿನದೋ ಹೋದರೆ 0, 1, 2 ಎಂಬ ಸರಣಿ ಕಡಿದು, ಜೇಸನ್_ಎನ್‌ಕೋಡ್ ಅರೇ ಬದಲು ಆಬ್ಜೆಕ್ಟ್ ಕಳಿಸುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಪೇಜ್ ಹರಾಜು ಶುರುವಾದ ಮೇಲೆ ಕೈಕೊಡುವುದು ಇದರಿಂದಲೇ. ಕಳಿಸುವ ಮುನ್ನ ಅರೇ_ವ್ಯಾಲ್ಯೂಸ್‌ಗೆ ಹಾಕಿ ತೆಗೆಯಿರಿ, ಇಂಡೆಕ್ಸ್ ಮತ್ತೆ 0ಯಿಂದ ಶುರುವಾಗುತ್ತದೆ.

ಜಾವಾಸ್ಕ್ರಿಪ್ಟ್ ಲೂಪ್‌ನೊಳಗೆ ಮೊತ್ತ ಕೂಡುವಾಗ ತೂಕ ಸ್ಟ್ರಿಂಗ್ (ಅಕ್ಷರರೂಪ) ಆಗಿಲ್ಲವೆಂದು ನೋಡಿಕೊಳ್ಳಿ. "48" ಮತ್ತು "50" ಸೇರಿ "4850" ಆಗುತ್ತದೆ, ಕ್ವಿಂಟಲ್ ಲೆಕ್ಕ ಎಲ್ಲಿಗೋ ಹೋಗುತ್ತದೆ. ದರದಲ್ಲಿ ಅಲ್ಪವಿರಾಮ ಇದ್ದರಂತೂ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಪಾರ್ಸ್‌ಫ್ಲೋಟ್ ನಂಬಬೇಡಿ: "7,250" ಅದಕ್ಕೆ ಬರೀ 7. ನಂಬರ್ ಎಂಬ ಫಂಕ್ಷನ್ ಆದರೆ ನ್ಯಾನ್ (ಸಂಖ್ಯೆಯಲ್ಲ) ಕೊಡುತ್ತದೆ, ತಪ್ಪು ಅಲ್ಲೇ ಕಾಣುತ್ತದೆ. ಆದರೆ ಖಾಲಿ ಸ್ಟ್ರಿಂಗನ್ನು ಸದ್ದಿಲ್ಲದೆ 0 ಮಾಡಿಬಿಡುತ್ತದೆ. ಹಾಗಾಗಿ ಮೊದಲು ಖಾಲಿಯೇ ಎಂದು ನೋಡಿ, ಅಲ್ಪವಿರಾಮ ತೆಗೆದು, ಆಮೇಲೆ ಕೂಡಿ.